ಹಗ್ಗ ಹಿಡಿದವರ ಪಾಲು

ಕೆಳಮನೆಯ ಅಂಕಲ್ಲಿನ ಎರಡೂ ಅಂಗೈಗಳು ಅಡ್ಡಲಾಗಿ ಜಡ್ಡುಗಟ್ಟಿ, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಕುದಿಯುವ ಚಹಾದ ಸ್ಟೀಲ್ ಲೋಟವನ್ನು ಆ ಕೈಯಲ್ಲಿ ಹಿಡಿದುಕೊಂಡೇ ಅರ್ಧ ಗಂಟೆ ಹರಟುವರು. ಹುಡುಗರಾಗಿದ್ದಾಗ ಗಂಗೊಳ್ಳಿಯ ಕಡಲತೀರದಲ್ಲಿ ಬಲೆಯ ಹಗ್ಗ, ಆಮೇಲೆ ಸರಕು ಹಡಗಿನ ಹಗ್ಗ, ಕೊನೆಗೆ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಊರವರ ಸೂಟ್‌ಕೇಸು. ಡಾಕ್ಟರೆಂಬ ಹಮ್ಮಿನಲ್ಲಿ ನಾನು ಮುಲಾಮು ಕೊಟ್ಟರೆ, ಅದನ್ನು ಕಿರುಗುಟ್ಟುವ ಬಾಗಿಲಿನ ಬಿಜಾಗರಿಗೆ ಹಚ್ಚಿದರು.

ಲಂಡನ್ನಿನ ಫೆಲ್ಥಮ್‌ನಲ್ಲಿ ಮೇಲಿನ ಫ್ಲಾಟಿಗೆ ನಾನು ಬಾಡಿಗೆಗೆ ಬಂದ ದಿನ ಸೋಫಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಅಪ್ಪಟ ಮೈಸೂರು ಕನ್ನಡದಲ್ಲಿ ಬೈಯುತ್ತಿದ್ದೆ. ಕೆಳಮನೆಯ ಬಾಗಿಲು ತೆರೆದು ಇವರು ಹೊರಬಂದರು, ಒಂದು ತುದಿ ಎತ್ತಿ ಮೇಲೆ ಸೇರಿಸಿದರು, ಬೆವರು ಒರೆಸಿಕೊಂಡು "ನನ್ ಪಾಲೆಲ್ಲಿ?" ಎಂದರು. ಏನು ಕೊಡಬೇಕೋ ತಿಳಿಯದೆ ಅಮ್ಮ ಕಟ್ಟಿಕೊಟ್ಟಿದ್ದ ಕೋಡುಬಳೆಯ ಡಬ್ಬ ಮುಂದಿಟ್ಟೆ. ಒಂದೇ ಒಂದನ್ನು ತೆಗೆದುಕೊಂಡು ಇಳಿದುಹೋದರು. ಅಂದಿನಿಂದ ಅವರು ನನಗೆ ಅಂಕಲ್.

ಅವರ ಊರಿನಲ್ಲಿ ಕೈರಂಪಣಿ ಎಂಬ ದೊಡ್ಡ ಬಲೆಯನ್ನು ದಡದಿಂದಲೇ ಎಳೆಯುತ್ತಾರೆ. ದಾರಿಹೋಕನೇ ಹಗ್ಗಕ್ಕೆ ಕೈ ಹಾಕಲಿ, ಅವನಿಗೂ ಮೀನಿನಲ್ಲಿ ಪಾಲುಂಟು. ಅಂಕಲ್ ಆ ಕಾನೂನನ್ನು ಲಂಡನ್ನಿಗೂ ತಂದಿದ್ದರು. ಕೌನ್ಸಿಲ್ಲಿನ ಕಸದ ಡಬ್ಬಗಳನ್ನು ಇಡೀ ಬೀದಿಯ ಪರವಾಗಿ ಎಳೆದಿಟ್ಟು, ಎಲ್ಲರ ಮನೆಯಲ್ಲೂ ಒಂದೊಂದು ಬಿಸ್ಕತ್ತು ವಸೂಲು ಮಾಡುವರು. ಅವರ ಹೆಂಡತಿ ಆಂಟಿಗೆ ಇದು ನಾಚಿಕೆಗೇಡು, ನನಗೆ ಮಜಾ.

ನಾಲ್ಕು ವರ್ಷದ ಹಿಂದೆ ಅಟ್ಲಾಂಟಿಕ್ ನಡುವಿನ ಒಂದು ಜ್ವಾಲಾಮುಖಿ ದ್ವೀಪಕ್ಕೆ ಮೂರು ತಿಂಗಳ ಮಟ್ಟಿಗೆ ವೈದ್ಯಳಾಗಿ ಹೊರಟೆ. ವಿಮಾನವಿಲ್ಲ, ಹಡಗಿನಲ್ಲಿ ವಾರದ ಪಯಣ. ಜಂಬ ಕೊಚ್ಚಲು ಕೆಳಗೆ ಹೋಗಿ ಫೋನಿನಲ್ಲಿ ನಕ್ಷೆ ತೋರಿಸಿದೆ. ಅಂಕಲ್ ಲೋಟ ಕೆಳಗಿಟ್ಟರು.

"ಇಲ್ಲಿ ನನ್ ತಮ್ಮ ಇದ್ದಾನೆ," ಎಂದರು.

ನಲವತ್ತು ವರ್ಷದ ಹಿಂದೆ ಅಣ್ಣತಮ್ಮಂದಿರಿಬ್ಬರೂ ಒಂದೇ ಹಡಗಿನಲ್ಲಿದ್ದರಂತೆ. ತಮ್ಮನಿಗೆ ಅಪೆಂಡಿಕ್ಸ್ ಒಡೆಯಿತು. ಆ ದ್ವೀಪದವರು ಆಳೆತ್ತರದ ಅಲೆಯಲ್ಲಿ ಹುಟ್ಟು ಹಾಕಿ ಬಂದು ಅವನನ್ನು ದೋಣಿಗೆ ಇಳಿಸಿಕೊಂಡರು. ಇನ್ನೊಬ್ಬರಿಗೆ ಜಾಗವಿರಲಿಲ್ಲ, ಹಡಗು ಕಾಯುವಂತಿರಲಿಲ್ಲ. ಮುಂದಿನ ಬಂದರಿನಲ್ಲಿ ಸುದ್ದಿ ಕಾದಿತ್ತು, ಅವನನ್ನು ಮಣ್ಣು ಮಾಡಿದ್ದಾರೆ ಎಂದು.

"ಅಮ್ಮ ಸಾಯೂತನಕ ಒಂದೇ ಕೇಳಿದ್ದು, ಅವ್ನಿಗೆ ಹೆಗಲು ಕೊಟ್ಟೋರು ಯಾರು ಅಂತ. ನಂಗೆ ಹೇಳೂಕೆ ಆಯ್ಲಿಲ್ಲ. ನೀವು ಕೇಳ್ಕೊಂಡು ಬನ್ನಿ ಡಾಕ್ಟ್ರೇ."

ದ್ವೀಪದಲ್ಲಿ ಕಪ್ಪು ಮರಳು, ಊರಿನ ಬೆನ್ನಿಗೇ ಹೊಗೆಯಾಡುವ ಬೆಟ್ಟ. ತಾತಂದಿರ ಅಳತೆಯಲ್ಲೇ ಕಟ್ಟಿದ ದೋಣಿಗಳಲ್ಲಿ ಗಂಡಸರು ಮೀನಿಗೆ ಹೋಗುತ್ತಿದ್ದರು. ದೋಣಿ ದಡ ಮುಟ್ಟಿದಾಗ ಅಲ್ಲಿದ್ದವರೆಲ್ಲ ಹಗ್ಗ ಹಿಡಿಯುವರು. ಅಂಕಲ್ಲಿನ ಸಹವಾಸದಿಂದ ನಾನೂ ಹಿಡಿದೆ. ಆ ಸಂಜೆ ಮುದಿ ಅಂಬಿಗನೊಬ್ಬ ನನ್ನ ಬಾಗಿಲಿಗೆ ಮೀನು ತಂದ. ಹುಟ್ಟಾ ಸಸ್ಯಾಹಾರಿಯಾದ ನಾನು ಕೈಮುಗಿದು, ತಿನ್ನುವುದಿಲ್ಲ, ಬೇರೆಯವರಿಗೆ ಕೊಡಿ ಎಂದೆ. ಬಹಳ ಸಭ್ಯವಾಗಿ ನಡೆದುಕೊಂಡೆನೆಂದೇ ಭಾವಿಸಿದ್ದೆ.

ಮರುದಿನದಿಂದ ಜನ ಕಾಯಿಲೆಗೆ ಮಾತ್ರ ಬಂದರು. ಸಮಾಧಿಯ ವಿಷಯ ತೆಗೆದರೆ ಮಾತು ಗಾಳಿ ಮಳೆಗೆ ಹೊರಳುತ್ತಿತ್ತು. ಎರಡು ವಾರ ಹೀಗೇ ಆಯಿತು. ಫೋನಿನಲ್ಲಿ ಅಂಕಲ್ಲಿಗೆ ದೂರು ಹೇಳಿದರೆ ಅವರು ನನ್ನನ್ನೇ ಗದರಿದರು.

"ಪಾಲು ಬ್ಯಾಡ ಅನ್ನೂಕಾಗ ಮಾರಾಯ್ತಿ. ನಾಳೆ ನಿಮ್ಮ ಹಗ್ಗ ನಾ ಹಿಡಿಯುದಿಲ್ಲ ಅಂದ ಹಾಂಗೆ ಅದು. ತಿಂಬುದು ಬಿಡುದು ನಿಮಗೆ ಬಿಟ್ಟದ್ದು. ಕೈ ಚಾಚಿ ತಕಣಿ."

ಮೈಸೂರಿನ ನಯ ವಿನಯವೆಲ್ಲ ನೀರುಪಾಲಾಯಿತು. ಮುಂದಿನ ದೋಣಿಗೆ ಮತ್ತೆ ಹಗ್ಗ ಎಳೆದೆ. ಪಾಲು ಹಂಚುವಾಗ ನಾನೇ ಮುಂದೆ ಹೋಗಿ ಕೈ ಚಾಚಿದೆ. ಅಂಬಿಗ ನನ್ನ ಮುಖ ನೋಡಿ, ದೊಡ್ಡದೊಂದನ್ನೇ ಆರಿಸಿ ಇಟ್ಟ. ಅದನ್ನು ಪಕ್ಕದ ಮನೆಯ ನರ್ಸ್ ಬೇಯಿಸಿಕೊಂಡಳು. ಎರಡು ದಿನ ಬಿಟ್ಟು ಅವನೇ ಬಂದು ನನ್ನನ್ನು ಊರಾಚೆ ಕರೆದೊಯ್ದ. ಸುತ್ತ ಕಪ್ಪು ಕಲ್ಲು ಜೋಡಿಸಿದ ಒಂದು ಸಣ್ಣ ದಿಬ್ಬ. ಒಂದು ಕಳೆಯೂ ಇರಲಿಲ್ಲ. ಹೊತ್ತವರು ಯಾರೆಂದು ಕೇಳಿದೆ. ಅವನು ತನ್ನ ಹೆಗಲು ಮುಟ್ಟಿಕೊಂಡ. ದಡಕ್ಕೆ ತಂದ ಎಂಟು ಜನರೇ ಹೊತ್ತೆವು, ಬೇರೆ ಯಾರು ಹೊರಬೇಕಿತ್ತು ಎಂದ.

ಅಂಕಲ್ಲಿಗೆ ಫೋನ್ ಮಾಡಿ ಹೇಳಿದೆ. "ಎಂಟು ಜನ," ಎಂದರು. ಆಂಟಿಯನ್ನು ಕರೆದು ಅವರಿಗೂ "ಎಂಟು ಜನ ಅಂಬ್ರು" ಎಂದದ್ದು ಕೇಳಿಸಿತು. ನಾನು ಅಲ್ಲೇ ಕೂತು ಅತ್ತೆ.

ಕಳೆದ ಚಳಿಗಾಲದಲ್ಲಿ ಅಂಕಲ್ ಹೋದರು. ಶವಪೆಟ್ಟಿಗೆ ಹೊರಲು ಇಬ್ಬರು ಗಂಡುಮಕ್ಕಳು, ಏರ್‌ಪೋರ್ಟಿನ ಮೂವರು ಗೆಳೆಯರು ನಿಂತಿದ್ದರು. ಆರನೆಯವರು ಬೇಕಿತ್ತು. ನಮ್ಮಲ್ಲಿ ಹೆಂಗಸರು ಹೆಗಲು ಕೊಡುವುದಿಲ್ಲ. ನಾನು ಬ್ಯಾಗನ್ನು ನೆಲಕ್ಕಿಟ್ಟು ಹೋಗಿ ನಿಂತೆ. ಕಿರಿಮಗ ಸರಿದು ಜಾಗ ಕೊಟ್ಟ. ಅವರು ಇಷ್ಟು ಭಾರವಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಸೂತಕ ಕಳೆದ ಮರುದಿನ ಆಂಟಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಡಬ್ಬ, ಬಂಗುಡೆ ಮೀನಿನ ಸಾರಿನ ವಾಸನೆ. ನಾನು ತಿನ್ನುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ನಿಮ್ಮ ಪಾಲು," ಎಂದರು.

ಎರಡೂ ಕೈ ಚಾಚಿ ತೆಗೆದುಕೊಂಡೆ.