ಹಲ್ಲಿನಲ್ಲಿ ದಾರ, ಗಂಟಲಲ್ಲಿ ಗಬ್ಬು

ಐಬ್ರೋ ಮಾಡುವಾಗ ದಾರದ ಒಂದು ತುದಿ ನನ್ನ ಹಲ್ಲಿನಲ್ಲಿರುತ್ತದೆ. ನನ್ನ ಬಾಯಿಗೂ ಗಿರಾಕಿಯ ಮೂಗಿಗೂ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ಗುಬ್ಬಿಯಲ್ಲಿ ಇಷ್ಟು ವರ್ಷ ಪಾರ್ಲರ್ ನಡೆಸಿದ್ದು ಹೀಗೇ.

ಖಾಯಂ ಬರುತ್ತಿದ್ದ ಟೀಚರ್ ಒಬ್ಬರು ಒಂದು ದಿನ ಮಾಸ್ಕ್ ಹಾಕಿಕೊಂಡೇ ಕುರ್ಚಿಗೆ ಒರಗಿದರು. "ಡಸ್ಟ್ ಅಲರ್ಜಿ ಕಣ್ರೀ ಸವಿತಾ" ಎಂದರು. ನಂಬಿದೆ. ಇನ್ನೊಬ್ಬರು ಮೂಗಿಗೆ ಕರ್ಚೀಫ್ ಹಿಡಿದರು. ಆಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ನಾನು ಎದುರುಗಡೆ ಹೊಸದಾಗಿ ತೆರೆದ ಪಾರ್ಲರಿನವಳನ್ನು ಬೈದುಕೊಂಡು ಕೂತೆ.

ಕೊನೆಗೆ ಹೇಳಿದ್ದು ಅತ್ತೆ. ಕುಣಿಗಲ್ ಕಡೆಯವರು, ಮಾತಿಗೆ ಖಾರ ಹೆಚ್ಚು. ಅವರ ತಟ್ಟೆಗೆ ಸಾರು ಬಡಿಸಲು ಬಗ್ಗಿದ್ದೆ.

"ಥೂ, ಇಲಿ ಸತ್ತಂಗೆ ನಾರ್ತೈತೆ ಕಣೇ ನಿನ್ ಬಾಯಿ!"

ಪಕ್ಕದಲ್ಲೇ ಉಣ್ಣುತ್ತಿದ್ದ ಗಂಡ ತಲೆ ಎತ್ತಲಿಲ್ಲ. ಅವರಿಗೂ ಗೊತ್ತಿತ್ತು.

ಹಲ್ಲಿನ ಡಾಕ್ಟರು ಹಲ್ಲು ಚೆನ್ನಾಗಿದೆ ಎಂದರು. ಲವಂಗ ಅಗಿದೆ. ನಾಲಿಗೆ ಕೆರೆದೂ ಕೆರೆದೂ ರಕ್ತ ಬರಿಸಿಕೊಂಡೆ. ಒಂದು ಬೆಳಿಗ್ಗೆ ಕೆಮ್ಮಿದಾಗ ಅಕ್ಕಿನುಚ್ಚಿನಂಥ ಬಿಳಿ ಚೂರೊಂದು ಅಂಗೈಗೆ ಬಿತ್ತು. ಬೆರಳಲ್ಲಿ ಹಿಸುಕಿ ಮೂಸಿದೆ. ಯಾಕಾದರೂ ಮೂಸಿದೆನೋ.

ಹೊಟ್ಟೆಯಲ್ಲಿದ್ದದ್ದೆಲ್ಲ ವಾಂತಿಯಾಯಿತು.

ಇದನ್ನು ಗಂಟಲಲ್ಲಿಟ್ಟುಕೊಂಡು ಎಷ್ಟು ಹೆಂಗಸರ ಮುಖದ ಮೇಲೆ ಉಸಿರು ಬಿಟ್ಟಿದ್ದೆ! ನನ್ನ ಉಗುಳು ನುಂಗುವುದಕ್ಕೆ ನನಗೇ ಅಸಹ್ಯವಾಯಿತು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ತನ್ನ ಬಾಯಿ ತನಗೆ ನಾರುವುದೂ ಇಲ್ಲ. ಅವತ್ತೇ ಪಾರ್ಲರಿನ ಶಟರ್ ಎಳೆದೆ.

ತುಮಕೂರಿನ ಇಎನ್‌ಟಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಟಾನ್ಸಿಲ್ ಸ್ಟೋನ್ ಅಮ್ಮ. ಟಾನ್ಸಿಲ್‌ನ ಗುಳಿಗಳಲ್ಲಿ ಊಟದ ಚೂರು ಕೂತು ಗಟ್ಟಿಯಾಗಿದೆ." ಮೊದಲು ಉಪ್ಪುನೀರಿನ ಗಾರ್ಗಲ್, ಮಾತ್ರೆ. ಮತ್ತೆ ಮತ್ತೆ ಗಂಟಲು ಊದಿ ಜ್ವರ ಬರತೊಡಗಿದ ಮೇಲೆ, ಟಾನ್ಸಿಲನ್ನೇ ತೆಗೆದುಬಿಡೋಣ ಎಂದರು.

ಆಪರೇಷನ್ ಆದರೆ ಗಬ್ಬು ಹೋಗುತ್ತದೆಂದುಕೊಂಡಿದ್ದೆ. ಹೆಚ್ಚಾಯಿತು. ಗಾಯದ ಮೇಲೆ ಹುಳಿ ಮೊಸರಿನಂಥ ಬಿಳಿ ಪೊರೆ ಕಟ್ಟಿತು. ಅದು ಮಾಯುವ ಲಕ್ಷಣ, ತಾನಾಗಿ ಉದುರುತ್ತದೆ ಎಂದರು ಡಾಕ್ಟರು. ಮಾಯುವುದು ಇಷ್ಟು ಹೊಲಸಾಗಿರುತ್ತದೆಂದು ಯಾರಿಗೆ ಗೊತ್ತಿತ್ತು? ಒಂದು ಗುಟುಕು ಗಂಜಿಗೂ ನೋವು ಕಿವಿಯವರೆಗೆ ಹೊಡೆಯುತ್ತಿತ್ತು. ಜೊಲ್ಲು ನುಂಗಲಾಗದೆ ಬೇಸಿನ್ನಿಗೆ ಬಿಡುತ್ತಿದ್ದೆ; ಎಳೆ ಎಳೆಯಾಗಿ, ನಡುವೆ ರಕ್ತದ ಗೆರೆ. ಅದೇ ಆಪರೇಷನ್ ಆಗಿದ್ದ ಪಕ್ಕದ ಬೆಡ್ಡಿನ ಪುಟ್ಟ ಹುಡುಗಿ ಐಸ್‌ಕ್ರೀಂ ಚಪ್ಪರಿಸುತ್ತಿದ್ದಳು. ಅವಳ ಮೇಲೂ ಸಿಟ್ಟು ಬಂತು.

ಬೇಸಿನ್ ಚೆಲ್ಲಿ ತೊಳೆದು ತರುತ್ತಿದ್ದವರು ಅತ್ತೆ. ಮೂಗಿಗೆ ಸೆರಗು, ಬಾಯಲ್ಲಿ ಬೈಗುಳ. "ಉಗಿ, ಉಗಿ. ಅದ್ನೂ ಒಳಗಿಟ್ಕಂಡು ಏನ್ ಮಾಡ್ತೀಯ?" ಗಂಡ ಬಾಗಿಲ ಹತ್ತಿರವೇ ನಿಂತು "ಪರವಾಗಿಲ್ವಾ?" ಎಂದು ಕೇಳಿ ಹೋಗುತ್ತಿದ್ದರು.

ಮನೆಗೆ ಬಂದ ಮೇಲೆ ಪೊರೆ ಉದುರಿತು. ನೋವು ಇಳಿಯಿತು. ಆದರೂ ಅಂಗೈಗೆ ಉಸಿರು ಬಿಟ್ಟು ಮೂಸುತ್ತಲೇ ಇದ್ದೆ. "ಏನೂ ವಾಸ್ನೆ ಇಲ್ಲ ಕಣೇ" ಎಂದರು ಗಂಡ. ಇಲಿ ಸತ್ತಿದ್ದಾಗಲೂ ಬಾಯಿ ಬಿಡದಿದ್ದ ಮನುಷ್ಯ, ಹೇಗೆ ನಂಬಲಿ? ಪಾರ್ಲರ್ ತೆರೆಯಲು ಧೈರ್ಯ ಬರಲಿಲ್ಲ. ತೆರೆಯದಿದ್ದರೆ ನನಗೆ ಬೇರೆ ಕೆಲಸವೂ ಬರುವುದಿಲ್ಲ.

ಒಂದು ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಹೋಗಿ ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿದೆ.

"ಈ ವಯಸ್ಸಲ್ಲಿ ನಂಗ್ಯಾಕೆ ಐಬ್ರೋ? ಊರೋರು ನಗಲ್ವಾ?"

"ಹುಬ್ಬಿಗಲ್ಲ ಅತ್ತೆ. ಮೂಸಿ ಹೇಳಿ."

ದಾರ ಕಚ್ಚಿ ಬಗ್ಗಿದೆ. ಅತ್ತೆ ಕಣ್ಣು ಮುಚ್ಚಿ, ಮೂಗು ಅರಳಿಸಿ ಉಸಿರೆಳೆದರು. ಮತ್ತೊಮ್ಮೆ ಎಳೆದರು. ತಡೆಯಲಾರದೆ ಒಂದು ಕೂದಲು ಕಿತ್ತೇಬಿಟ್ಟೆ.

"ಅಯ್ಯೋ, ಉರೀತದೆ! ಇಲಿ ಹೋಯ್ತು, ಬುಡು."

ಸಮಾಧಾನಕ್ಕೆಂದು ಸುಳ್ಳು ಹೇಳುವ ಬಾಯಲ್ಲ ಅದು. ಮಾರನೆಯ ದಿನ ಶಟರ್ ಎತ್ತಿದೆ.