ಡ್ರಿಲ್ ಮೇಷ್ಟ್ರ ಪೀಪಿ

ನಮ್ಮ ಡ್ರಿಲ್ ಮೇಷ್ಟ್ರಿಗೆ ನಿಂತ ನೀರನ್ನು ಕಂಡರೂ ಆಗದು, ಅದನ್ನೂ ಓಡಿಸಬೇಕು. ಕೊರಳಲ್ಲಿ ಸದಾ ಪೀಪಿ, ಬಾಯಲ್ಲಿ ಸದಾ "ಎತ್ರೋ ಕಾಲು, ಮಾವನ ಮನೆಗೆ ಹೊರಟಿದೀರಾ?" ಮಕ್ಕಳಾಗಲಿಲ್ಲವೆಂದು ಹೆಂಡತಿಯನ್ನು ಕಂಡಕಂಡ ಪರೀಕ್ಷೆಗಳಿಗೆಲ್ಲ ಓಡಿಸಿದವರು, ತಮ್ಮ ಸರದಿ ಬಂದಾಗ ಮಾತ್ರ ವರ್ಷಗಟ್ಟಲೆ ಕಾಲೆಳೆದರು. ಕೊನೆಗೆ ವೀರ್ಯ ಪರೀಕ್ಷೆಗೆ ಹೊರಟ ದಿನವೂ ಮೈದಾನ ಸುತ್ತಿ, ವಾರ್ಮಪ್ ಮುಗಿಸಿ, ಬೆವರು ಸುರಿಸುತ್ತಲೇ ಲ್ಯಾಬಿಗೆ ನುಗ್ಗಿದರು. "ಸಂಖ್ಯೆಗೇನೂ ಕೊರತೆಯಿಲ್ಲ ಮೇಷ್ಟ್ರೇ, ವೀರ್ಯಾಣುಗಳ ಚಲನೆ ಸಾಲದು. ಎಷ್ಟೋ ನಿಂತಲ್ಲೇ ನಿಂತಿವೆ, ಉಳಿದವು ಗಿರಕಿ ಹೊಡೀತಿವೆ. ಹೀಗಾದ್ರೆ ಅಂಡದ ತನಕ ತಲುಪೋದು ಕಷ್ಟ" ಎಂದರು ಡಾಕ್ಟರಮ್ಮ. "ನನ್ನವಾ? ಛೇ, ಇನ್ನೊಂದು ಚಾನ್ಸ್ ಕೊಡಿ ಮೇಡಂ, ಚೆನ್ನಾಗಿ ತಯಾರು ಮಾಡಿ ಕರ್ಕೊಂಡು ಬರ್ತೀನಿ!" ಅಂದಿನಿಂದ ಮೇಷ್ಟ್ರ ಓಟ ಇನ್ನೂ ಜೋರಾಗಿದೆ. ಮನೆಯಲ್ಲಿ ಅವರ ತಾಯಿಯದು ಮಾತ್ರ ಹಳೇ ರಾಗ: "ನನ್ನ ಮಗ ಕುದುರೆ ಹಾಗಿದಾನೆ, ಇವಳ ಹೊಟ್ಟೆನೇ ಬರಡು." ಹೆಂಡತಿ ತಲೆಯೆತ್ತಿ ಗಂಡನ ಬಾಯನ್ನೇ ನೋಡುತ್ತಾರೆ. ಒಮ್ಮೆ ಪೀಪಿ ಊದಿ ಇಡೀ ಮೈದಾನವನ್ನು ನಿಲ್ಲಿಸುವ ಮೇಷ್ಟ್ರು ಆಗ ಬಗ್ಗಿ ಕೂತು, ಕಟ್ಟಿದ್ದ ಬೂಟಿನ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿರುತ್ತಾರೆ.