ಬರಿಗಾಲುಗಳ ದಾರಿ ಕಾಯುವ ಬೈರಮ್ಮ

ಚಾಮರಾಜಪೇಟೆಯ ಹಾಲಿನ ಬೂತ್ ಮುಂದಿನ ಸಾಲು ಇನ್ನೂ ಕರಗಿಲ್ಲ. ಆಗಲೇ ಬೈರಮ್ಮ ಶಾಲೆಯ ಮರದ ಮೆಟ್ಟಿಲು ಗುಡಿಸಿ ಮುಗಿಸಿ, ಅಂಗೈಯಿಂದ ಒಂದೊಂದನ್ನೇ ಸವರುತ್ತಿದ್ದಾರೆ. ಸಣ್ಣ ಮೊಳೆಯೊಂದು ಸಿಗುತ್ತದೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ.

"ಬರಿಗಾಲಲ್ಲಿ ಇಳಿಯೋ ಮಕ್ಳು. ಚುಚ್ಚಿದ್ರೆ ಅಲ್ಲೇ ನಿಂತ್ಬಿಡ್ತವೆ. ಒಂದು ನಿಂತ್ರೆ ಹಿಂದಿರೋದೆಲ್ಲಾ ಬೀಳ್ತವೆ."

ಬೈರಮ್ಮ ಈ ಹಳೇ ಮಹಡಿ ಶಾಲೆಯ ಆಯಾ. ತಾಯಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಸಾಕಿದರು. ಗಂಡ ಹೋದ ಮೇಲೆ ಹಿಡಿದ ಪೊರಕೆಯನ್ನು ಬೈರಮ್ಮ ಇನ್ನೂ ಕೆಳಗಿಟ್ಟಿಲ್ಲ. ಬಿನ್ನಿಪೇಟೆಯಿಂದ ನಡೆದೇ ಬರುತ್ತಾರೆ.

ಈ ವರ್ಷ ಜನವರಿಯಲ್ಲಿ ಭೂಕಂಪಕ್ಕೆ ಗುಜರಾತಿನ ಭುಜ್ ನೆಲಸಮವಾದಾಗ ಹೆಡ್‌ಮಿಸ್ ಶೈಲಜಮ್ಮ ಶಾಲೆಯಲ್ಲಿ ಭೂಕಂಪದ ತಾಲೀಮು ಶುರುಮಾಡಿದರು. ಬೆಂಗಳೂರಿಗೆ ಎಲ್ಲಿಯ ಭೂಕಂಪ ಎಂದು ಅಕ್ಕಪಕ್ಕದವರು ನಕ್ಕರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜಾಯಮಾನ ನಮ್ಮದು, ನಗದೆ ಏನು ಮಾಡಿಯಾರು? ನೆಲವೆಂಬುದು ಒಂದೇ ಹಾಸಲ್ಲ, ಅಗಾಧವಾದ ಫಲಕಗಳು, ನಮ್ಮ ಫಲಕ ಉತ್ತರಕ್ಕೆ ಒತ್ತುತ್ತಲೇ ಇದೆ ಎಂದು ಶೈಲಜಮ್ಮ ಮಕ್ಕಳಿಗೆ ಹೇಳುತ್ತಿದ್ದುದನ್ನು ಬೈರಮ್ಮ ಬಾಗಿಲಲ್ಲಿ ನಿಂತು ಕೇಳಿದರು.

"ನಂಗ್ ಮಾರ್ಕೆಟ್ ನೆನಪಾಯ್ತು. ತಲೆಹೊರೆಯೋರು ಎದುರುಬದುರು ಸಿಕ್ಕಾಕೊಂಡು ತಳ್ತಾ ಇರ್ತಾರೆ, ಯಾರೂ ಅಲುಗಾಡಲ್ಲ. ತಟ್ಟಂತ ಬಿಡ್ತು ಅನ್ನಿ, ಇಡೀ ಸಾಲೇ ಮುಗ್ಗರಿಸ್ತದೆ."

ಮೊದಲ ತಾಲೀಮು ಕೆಟ್ಟಿತು, ಅದೂ ಬೈರಮ್ಮನ ದನಿಯಿಂದಲೇ. ಸರಸ್ವತಿಯ ಪಟವಿರುವ ತರಗತಿಗೆ ಚಪ್ಪಲಿ ಬರುವಂತಿಲ್ಲ, ಎಲ್ಲವೂ ಬಾಗಿಲಾಚೆ ರಾಶಿ. ಅದಲುಬದಲಾದರೆ ಮನೆಯವರ ಜಗಳ ಬೇರೆ. ಹಾಗಾಗಿ ದಿನಾ ಸಂಜೆ ಬೈರಮ್ಮ ಕೂಗುತ್ತಾರೆ: "ನಿಮ್ ನಿಮ್ ಚಪ್ಲಿ ನೋಡಿ ಹಾಕ್ಕೊಳ್ರೋ!" ಅಂದು ಮೊದಲ ಸೀಟಿಗೆ ಮಕ್ಕಳು ಬೆಂಚಿನಡಿ ಚೆಂದವಾಗಿಯೇ ಕುಳಿತರು. ಎರಡನೇ ಸೀಟಿಗೆ ಎದ್ದು ಹೊರಟರು. ಬೈರಮ್ಮ ರೂಢಿಯಂತೆ ಅದನ್ನೇ ಕೂಗಿಬಿಟ್ಟರು. ಬಾಗಿಲಲ್ಲೇ ಎಲ್ಲರೂ ಬಗ್ಗಿದರು, ಹಿಂದಿನವರು ಮೇಲೆ ಬಿದ್ದರು. ಪುಟ್ಟ ಮೈತ್ರೇಯಿಯ ತುಟಿ ಸೀಳಿತು.

"ನಿಜವಾದ ದಿನ ಆಗಿದ್ದಿದ್ರೆ?" ಹೇಳುವಾಗ ಈಗಲೂ ಕಣ್ಣು ತುಂಬುತ್ತದೆ.

ಶೈಲಜಮ್ಮ ಬೈಯಲಿಲ್ಲ. "ಬಾಗಿಲಲ್ಲಿ ರಾಶಿ ಇದ್ದದ್ದು ನನಗೂ ಕಾಣಿಸಲಿಲ್ಲವಲ್ಲ ಬೈರಮ್ಮ" ಎಂದರಷ್ಟೆ. ಅಂದೇ ಚಪ್ಪಲಿಗಳೆಲ್ಲ ಕೆಳಗಿಳಿದು ಅಂಗಳದ ಕಾಂಪೌಂಡಿನ ಗೋಡೆಗೆ ಸಾಲಾದವು. ಮೆಟ್ಟಿಲು ಬರಿಗಾಲಿನ ದಾರಿಯಾಯಿತು, ಅದರ ಹೊಣೆಯನ್ನು ಬೈರಮ್ಮ ಕೇಳಿ ಪಡೆದರು.

ಇಂದು ಯಾರಿಗೂ ಹೇಳದೆ ಸೀಟಿ ಊದಲಾಗಿದೆ. ಮೇಲೆ ಬೆಂಚುಗಳ ಸದ್ದು, ಆಮೇಲೆ ಮೌನ. ಎರಡನೇ ಸೀಟಿ. ಮೆಟ್ಟಿಲ ಬುಡದಲ್ಲಿ ಬೈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಪುಟ್ಟ ಪಾದಗಳು ದಡದಡ ಇಳಿಯುತ್ತವೆ, ಎಲ್ಲಿಯೂ ನಿಲ್ಲುವುದಿಲ್ಲ. ತುಟಿಯ ಮೇಲೆ ಗೆರೆಯುಳಿದ ಮೈತ್ರೇಯಿ ಚಿಕ್ಕವನೊಬ್ಬನ ಕೈಹಿಡಿದು ಇಳಿದು ಬರುತ್ತಾಳೆ. "ಆಯಮ್ಮಾ, ಯಾರೂ ಬೀಳ್ಲಿಲ್ಲ!"

ನಿಮ್ಮ ಆಸೆ ಏನು ಎಂದರೆ ಬೈರಮ್ಮ ನಾಚುತ್ತಾರೆ. "ಇದೆಲ್ಲಾ ವೇಸ್ಟ್ ಆಗ್ಲಿ. ನಾನ್ ಗುಡಿಸಿದ್ದು, ಇವು ಓಡಿದ್ದು. ಭೂಮ್ತಾಯಿ ಅಲುಗಾಡದೇನೇ ಇವು ದೊಡ್ಡೋರಾಗ್ಲಿ."

ಅಲುಗಾಡಿದರೆ?

ಬೈರಮ್ಮ ಮೆಟ್ಟಿಲ ಕಡೆ ನೋಡುತ್ತಾರೆ. "ಇಳೀತವೆ."